ಪರದೇಶದ ಕಾರ್ಯಾಗಾರ, ಅಲಿಗಢದ ಅಂಗಳ

(ಸಂಸ್ಥೆಯ ವಾರ್ಷಿಕೋತ್ಸವ ಹಾಗೂ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)

 

ರ‍್ಯಾಂಕ್ ಪಡೆದ ಮಕ್ಕಳನ್ನು ಸನ್ಮಾನಿಸುವ ಈ ಸಭೆಗೆ ಡ್ರಾಯಿಂಗ್ ಮಾಸ್ತರನೊಬ್ಬನನ್ನು ಮಾತನಾಡಲು ಕರೆದಿದ್ದೀರಿ. ಇದಕ್ಕೆ ಧೈರ್ಯ ಬೇಕು. ಆ ಧೈರ್ಯಕ್ಕಾಗಿ ಕಾರ್ಯದರ್ಶಿಗಳಿಗೆ ಕೃತಜ್ಞತೆ ಸಲ್ಲಿಸುತ್ತೇನೆ. ಹೊರದೇಶಗಳಿಗೆ ಹೋಗಿ ಕೆಲವು ಕಾಲ ಅಲ್ಲಿದ್ದು ಕೆಲಸ ಮಾಡಿ ಬರುವ ಕಲಾವಿದರ ಬಗ್ಗೆ ಮಾತನಾಡಿ ಎಂದು ಅವರು ಸೂಚಿಸಿದ್ದಾರೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಆರ್ಟಿಸ್ಟ್ ರೆಸಿಡೆನ್ಸಿ’ ಎನ್ನುತ್ತಾರೆ. ಹೆಸರು ದೊಡ್ಡದು, ವಿಷಯ ಸರಳ. ಒಂದು ಸಂಸ್ಥೆ ಕಲಾವಿದನಿಗೆ ಇರಲು ಕೋಣೆ, ಕೆಲಸ ಮಾಡಲು ಜಾಗ, ಕೆಲವೊಮ್ಮೆ ಖರ್ಚಿಗೆ ಹಣ ಕೊಟ್ಟು, ಒಂದು ತಿಂಗಳೋ ಆರು ತಿಂಗಳೋ ಇಟ್ಟುಕೊಳ್ಳುತ್ತದೆ. ಪಾಠವಿಲ್ಲ, ಪರೀಕ್ಷೆಯಿಲ್ಲ, ಕೊನೆಯಲ್ಲಿ ಅಂಕಪಟ್ಟಿಯೂ ಇಲ್ಲ. ಇದನ್ನು ಕೇಳಿದೊಡನೆ ನಮ್ಮ ಪಾಲಕರಿಗೆ ಒಂದು ಅನುಮಾನ ಬರುತ್ತದೆ. ಅಂಕಪಟ್ಟಿ ಇಲ್ಲದ ಮೇಲೆ ಅಲ್ಲಿ ಕಲಿಯುವುದಾದರೂ ಏನು?

ಈ ಪ್ರಶ್ನೆಗೆ ಉತ್ತರವಾಗಿ ಒಬ್ಬ ಮಹಿಳೆಯ ಬದುಕನ್ನು ಸ್ವಲ್ಪ ವಿವರವಾಗಿ ಹೇಳಬೇಕೆಂದಿದ್ದೇನೆ. ಅವರ ಹೆಸರು ಜರೀನಾ ಹಾಶ್ಮಿ. ಕಲಾಪ್ರಪಂಚಕ್ಕೆ ಅವರು ಬರೀ ‘ಜರೀನಾ’. 1937ರಲ್ಲಿ ಅಲಿಗಢದಲ್ಲಿ ಹುಟ್ಟಿದರು. ತಂದೆ ಶೇಖ್ ಅಬ್ದುರ್ ರಶೀದ್ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಪ್ರಾಧ್ಯಾಪಕರು. ಮನೆ ತುಂಬ ಪುಸ್ತಕ, ಮನೆಯ ಮಾತು ಉರ್ದು. ಹುಡುಗಿ ಅದೇ ವಿಶ್ವವಿದ್ಯಾಲಯದಲ್ಲಿ 1958ರಲ್ಲಿ ಬಿ.ಎಸ್ಸಿ. ಪದವಿ ಪಡೆದಳು. ವಿಷಯ ಯಾವುದೆಂದು ಊಹಿಸಿ. ಗಣಿತ! ಲೆಕ್ಕ ಬಾರದವರು ಚಿತ್ರಕ್ಕೆ ಹೋಗುತ್ತಾರೆ ಎಂಬ ಮಾತು ನಮ್ಮ ಸ್ಟಾಫ್ ರೂಮುಗಳಲ್ಲಿ ಆಗಾಗ ಕೇಳಿಬರುತ್ತದೆ, ಅದಕ್ಕಾಗಿ ಇದನ್ನು ಒತ್ತಿ ಹೇಳಿದೆ.

ಅದೇ ವರ್ಷ ಮದುವೆಯಾಯಿತು. ಪತಿ ಭಾರತದ ವಿದೇಶಾಂಗ ಸೇವೆಯಲ್ಲಿದ್ದವರು. ಅವರಿಗೆ ವರ್ಗವಾದಲ್ಲಿಗೆ ಇವರೂ ಹೊರಟರು. ಮೊದಲು ಬ್ಯಾಂಕಾಕ್. ಅಲ್ಲಿ ಮರದ ಹಲಗೆ ಕೆತ್ತಿ ಅಚ್ಚು ತೆಗೆಯುವುದನ್ನು ಕಲಿತರು. ಆಮೇಲೆ ಪ್ಯಾರಿಸ್. ದೂತಾವಾಸದ ಅಧಿಕಾರಿಯ ಹೆಂಡತಿಗೆ ಪ್ಯಾರಿಸ್ಸಿನಲ್ಲಿ ಕಾಲ ಕಳೆಯಲು ಎಷ್ಟೋ ದಾರಿಗಳಿದ್ದವು. ಈಕೆ ಶಾಯಿ ಮೆತ್ತಿದ ಕೈಗಳ ಒಂದು ಕಾರ್ಯಾಗಾರವನ್ನು ಹುಡುಕಿಕೊಂಡು ಹೋದರು.

ಆ ಕಾರ್ಯಾಗಾರದ ಹೆಸರು ‘ಅತಲಿಯೇ 17’. ಸ್ಟ್ಯಾನ್ಲಿ ವಿಲಿಯಂ ಹೇಟರ್ ಎಂಬ ಇಂಗ್ಲಿಷ್ ಕಲಾವಿದ 1927ರಲ್ಲಿ ಪ್ಯಾರಿಸ್ಸಿನಲ್ಲಿ ಆರಂಭಿಸಿದ್ದು. ರಸ್ತೆಯ ಮನೆ ನಂಬರ್ ಹದಿನೇಳು ಆಗಿದ್ದರಿಂದ ಆ ಹೆಸರು ಬಂತು. ಅಲ್ಲಿ ಗುರು, ಶಿಷ್ಯ ಎಂಬ ಬೇಧವಿರಲಿಲ್ಲ. ನಾನಾ ದೇಶದವರು ಒಂದೇ ಮೇಜಿನ ಸುತ್ತ ನಿಂತು ತಾಮ್ರದ ತಗಡು ಕೊರೆಯುತ್ತಿದ್ದರು. ನಮ್ಮ ದೇಶದ ಕೃಷ್ಣಾ ರೆಡ್ಡಿಯವರು ಅಲ್ಲಿದ್ದರು. ಆಂಧ್ರದ ಚಿತ್ತೂರು ಜಿಲ್ಲೆಯಲ್ಲಿ ಹುಟ್ಟಿ, ಶಾಂತಿನಿಕೇತನದಲ್ಲಿ ಓದಿ, ಐವತ್ತರ ದಶಕದಲ್ಲಿ ಆ ಕಾರ್ಯಾಗಾರ ಸೇರಿದವರು. ಅವರು ಮತ್ತು ಕೈಕೋ ಮೋತಿ ಎಂಬ ಇನ್ನೊಬ್ಬ ಭಾರತೀಯ ಸೇರಿ ಅಲ್ಲಿ ಬೆಳೆಸಿದ ಒಂದು ವಿಧಾನವನ್ನು ವಿದ್ಯಾರ್ಥಿಗಳು ತಿಳಿಯಬೇಕು. ಸಾಧಾರಣವಾಗಿ ನಾಲ್ಕು ಬಣ್ಣದ ಮುದ್ರಣಕ್ಕೆ ನಾಲ್ಕು ತಗಡು ಬೇಕು. ಇವರು ಒಂದೇ ತಗಡನ್ನು ಬೇರೆ ಬೇರೆ ಆಳಕ್ಕೆ ಕೊರೆದರು. ಒಂದು ಶಾಯಿಗೆ ಎಣ್ಣೆ ಹೆಚ್ಚು ಬೆರೆಸಿ ತೆಳುವಾಗಿಸಿದರು, ಇನ್ನೊಂದನ್ನು ಗಟ್ಟಿಯಾಗಿಟ್ಟರು. ಒಂದನ್ನು ಗಟ್ಟಿ ರೋಲರಿನಿಂದ, ಮತ್ತೊಂದನ್ನು ಮೆತ್ತನೆಯ ರೋಲರಿನಿಂದ ಉರುಳಿಸಿದರು. ಗಟ್ಟಿ ರೋಲರ್ ಮೇಲ್ಮೈಯನ್ನಷ್ಟೇ ಮುಟ್ಟುತ್ತದೆ, ಮೆತ್ತನೆಯದು ಹಳ್ಳಕ್ಕೂ ಇಳಿಯುತ್ತದೆ. ಎಣ್ಣೆಯ ಪ್ರಮಾಣ ಬೇರೆಯಾದ್ದರಿಂದ ಒಂದು ಶಾಯಿ ಇನ್ನೊಂದರ ಮೇಲೆ ಕೂರುವುದಿಲ್ಲ. ಹೀಗೆ ಒಂದೇ ತಗಡಿನಿಂದ, ಒಂದೇ ಸಲ ಪ್ರೆಸ್ಸಿಗೆ ಹಾಕಿ, ಹಲವು ಬಣ್ಣಗಳು. ನಮ್ಮ ವಿಜ್ಞಾನದ ಮೇಷ್ಟರು ಸ್ನಿಗ್ಧತೆಯ ಪಾಠ ಮಾಡುವಾಗ ಈ ಉದಾಹರಣೆ ಕೊಡಬಹುದು.

1964ರಿಂದ 1967ರವರೆಗೆ ಜರೀನಾ ಆ ಕಾರ್ಯಾಗಾರದಲ್ಲಿ ದುಡಿದರು. ಆದರೆ ಪ್ಯಾರಿಸ್ಸಿನ ಬಣ್ಣದ ವೈಭವ ಅವರದ್ದಾಗಲಿಲ್ಲ. ದೆಹಲಿಗೆ ಮರಳಿದ ಮೇಲೆ ಅವರು ಮಾಡಿದ್ದು ಬಹುಮಟ್ಟಿಗೆ ಕಪ್ಪು, ಬಿಳಿ, ಮಣ್ಣಿನ ಬಣ್ಣ. ಎಲ್ಲೋ ಬಿದ್ದಿದ್ದ ಮರದ ತುಂಡುಗಳನ್ನು ಜೋಡಿಸಿ, ಶಾಯಿ ಬಳಿದು, ಕಾಗದ ಒತ್ತಿ ತೆಗೆದ ಅಚ್ಚುಗಳು. ಇದೇ ದೆಹಲಿಯ ದಿನಗಳಲ್ಲಿ ಅವರು ಗ್ಲೈಡರ್ ಹಾರಾಟವನ್ನೂ ಕಲಿತರು. ಮೇಲಿನಿಂದ ನೋಡಿದರೆ ಮನೆಯೆಂಬುದು ಗೋಡೆಗಳ ನಕ್ಷೆಯಾಗಿ ಕಾಣುತ್ತದೆ. ಅವರ ಮುಂದಿನ ಚಿತ್ರಗಳಲ್ಲಿ ಮನೆಗಳೆಲ್ಲ ಹೀಗೆ ಮೇಲಿನಿಂದ ಕಂಡ ಗೆರೆಗಳೇ.

ಈಗ ನಮ್ಮ ವಿಷಯಕ್ಕೆ ಬರುತ್ತೇನೆ. 1974ರಲ್ಲಿ ಜಪಾನ್ ಫೌಂಡೇಷನ್ ಅವರಿಗೆ ಫೆಲೋಶಿಪ್ ಕೊಟ್ಟಿತು. ಆ ಸಂಸ್ಥೆ ಶುರುವಾದದ್ದೇ 1972ರಲ್ಲಿ. ಮೂವತ್ತೇಳರ ವಯಸ್ಸಿನಲ್ಲಿ ಅವರು ಟೋಕಿಯೋಗೆ ಹೋಗಿ ತೋಶಿ ಯೋಶಿದಾ ಎಂಬ ಮರದಚ್ಚಿನ ಕಲಾವಿದರ ಕಾರ್ಯಾಗಾರದಲ್ಲಿ ಕೆಲಸ ಮಾಡಿದರು. ಗಮನಿಸಿ, ಅವರು ಖಾಲಿ ಕೈಯಲ್ಲಿ ಹೋಗಲಿಲ್ಲ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಮರ ಮತ್ತು ಲೋಹವನ್ನು ಪಳಗಿಸಿಕೊಂಡ ಮೇಲೆ ಹೋದರು.

ಜಪಾನೀ ಪದ್ಧತಿಯಲ್ಲಿ ಪ್ರೆಸ್ ಎಂಬ ಯಂತ್ರವೇ ಇಲ್ಲ. ಚೆರ್ರಿ ಮರದ ಹಲಗೆಯ ಮೇಲೆ ಕೆತ್ತನೆ. ಬಣ್ಣ ನೀರಿನಲ್ಲಿ ಕಲಸಿದ್ದು. ಕಾಗದವನ್ನು ಹದವಾಗಿ ತೇವ ಮಾಡಿ ಹಲಗೆಯ ಮೇಲಿಟ್ಟು, ಬಿದಿರಿನ ಹಾಳೆ ಸುತ್ತಿದ ‘ಬರೆನ್’ ಎಂಬ ದುಂಡು ಬಿಲ್ಲೆಯಿಂದ ಕೈಯಲ್ಲೇ ಉಜ್ಜುತ್ತಾರೆ. ಕಾಗದ ಪ್ರತಿಸಲವೂ ಅದೇ ಜಾಗಕ್ಕೆ ಕೂರುವಂತೆ ಹಲಗೆಯ ಮೂಲೆಯಲ್ಲಿ ‘ಕೆಂಟೊ’ ಎಂಬ ಗುರುತು ಕೆತ್ತಿರುತ್ತಾರೆ. ಕಾಗದ ‘ಕೋಜೊ’ ಎಂಬ ಗಿಡದ ತೊಗಟೆಯಿಂದ ಮಾಡಿದ್ದು. ನಮ್ಮ ರಾಮನಗರ, ಶಿಡ್ಲಘಟ್ಟದವರಿಗೆ ಹಿಪ್ಪುನೇರಳೆ ಗೊತ್ತು, ಕೋಜೊ ಅದರ ಬಳಗದ್ದೇ. ಚರ್ಮದಂತೆ ಮೃದು, ಬಟ್ಟೆಯಂತೆ ಗಟ್ಟಿ. ಆ ಕಾಗದವನ್ನು ಜರೀನಾ ಕೊನೆಯವರೆಗೂ ಬಿಡಲಿಲ್ಲ. 2012ರಲ್ಲಿ ಲಾಸ್ ಏಂಜಲೀಸಿನ ಹ್ಯಾಮರ್ ಮ್ಯೂಸಿಯಂ ಅವರ ಜೀವಮಾನದ ಕೆಲಸವನ್ನು ಪ್ರದರ್ಶಿಸಿದಾಗ ಪ್ರದರ್ಶನಕ್ಕೆ ಇಟ್ಟ ಹೆಸರಿನ ಅರ್ಥವೇ ‘ಚರ್ಮದಂಥ ಕಾಗದ’. ಮರುವರ್ಷ ಅದು ನ್ಯೂಯಾರ್ಕಿನ ಗುಗೆನ್‌ಹೈಮ್ ಮ್ಯೂಸಿಯಂಗೂ ಬಂತು.

ಇಲ್ಲೊಂದು ಸ್ವಾರಸ್ಯವಿದೆ. ಗುರು ತೋಶಿಯವರ ತಂದೆ ಹಿರೋಶಿ ಯೋಶಿದಾ ಜಪಾನಿನ ಪ್ರಸಿದ್ಧ ಕಲಾವಿದ. ಅವರು 1930-31ರಲ್ಲಿ ಮಗ ತೋಶಿಯನ್ನೂ ಕರೆದುಕೊಂಡು ಭಾರತ ಸುತ್ತಿದ್ದರು. ಆ ಪ್ರವಾಸದಿಂದ ಹುಟ್ಟಿದ ಮರದಚ್ಚುಗಳಲ್ಲಿ ಬೆಳದಿಂಗಳ ತಾಜಮಹಲ್ ಇದೆ, ಫತೇಪುರ್ ಸಿಕ್ರಿ ಇದೆ. ಅಂದರೆ ಜರೀನಾ ಹುಟ್ಟುವುದಕ್ಕೂ ಮೊದಲೇ ಆಕೆಯ ಗುರುವಾಗಲಿದ್ದವರು ಅಲಿಗಢದ ಆಸುಪಾಸಿನ ಕಲ್ಲು ಕಮಾನುಗಳನ್ನು ನೋಡಿ ಹೋಗಿದ್ದರು. ಮೊಗಲರ ಕಟ್ಟಡಗಳನ್ನು ನೋಡುತ್ತ ಬೆಳೆದ ಹುಡುಗಿ ನಲವತ್ತು ವರ್ಷಗಳ ನಂತರ ಟೋಕಿಯೋದಲ್ಲಿ ಅವರ ಮುಂದೆ ಕುಳಿತಳು. ಕೊಡುಕೊಳ್ಳುವುದು ಎಂದರೆ ಇದೇ. ಒಂದೇ ದಿಕ್ಕಿನಲ್ಲಿ ಹರಿಯುವುದು ವಿನಿಮಯವಾಗುವುದಿಲ್ಲ.

ಜಪಾನಿನಿಂದ ಅವರು ಅಮೆರಿಕಕ್ಕೆ ಹೋಗಿ ನ್ಯೂಯಾರ್ಕಿನಲ್ಲಿ ನೆಲೆಸಿದರು. 1977ರಲ್ಲಿ ಪತಿ ತೀರಿಕೊಂಡರು. ತಂದೆ ತಾಯಿ ಅಷ್ಟರಲ್ಲಾಗಲೇ ಅಲಿಗಢ ಬಿಟ್ಟು ಕರಾಚಿ ಸೇರಿದ್ದರು. ದೇಶ ಇಬ್ಭಾಗವಾದಾಗ ಜರೀನಾಗೆ ಹತ್ತು ವರ್ಷ. ಹೀಗೆ ಮನೆ ಎಂಬ ಮಾತಿಗೆ ಅವರ ಪಾಲಿಗೆ ಗಟ್ಟಿಯಾದ ಒಂದು ವಿಳಾಸವೇ ಉಳಿಯಲಿಲ್ಲ.

ಆಗ ಅವರು ಏನನ್ನು ಚಿತ್ರಿಸಿದರು? ನ್ಯೂಯಾರ್ಕಿನ ಗಗನಚುಂಬಿಗಳನ್ನೇ? ಜಪಾನಿನ ಚೆರ್ರಿ ಹೂವನ್ನೇ? ಅಲ್ಲ. 1999ರಲ್ಲಿ ಮುಗಿಸಿದ ಅವರ ಅತ್ಯಂತ ಹೆಸರಾದ ಕೃತಿಯಲ್ಲಿ 36 ಮರದಚ್ಚುಗಳಿವೆ. ಅದರ ಹೆಸರಿನ ಅರ್ಥ ‘ಮನೆಯೆಂಬುದು ಪರಸ್ಥಳ’. ಪ್ರತಿ ಹಾಳೆಗೂ ಒಂದೊಂದು ಉರ್ದು ಶಬ್ದ. ಮನೆ, ಹೊಸ್ತಿಲು, ಅಂಗಳ, ಗೋಡೆ, ದಾರಿ, ದೂರ, ಗಡಿ, ಭಾಷೆ. ಆ ಶಬ್ದಗಳ ಪಟ್ಟಿಯನ್ನು ಅವರು ಪಾಕಿಸ್ತಾನದ ಒಬ್ಬ ಕಾತಿಬರಿಗೆ ಕಳುಹಿಸಿ ನಸ್ತಾಲೀಖ್ ಲಿಪಿಯಲ್ಲಿ ಅಂದವಾಗಿ ಬರೆಸಿ ತರಿಸಿಕೊಂಡರು. ಶಬ್ದದ ಜೊತೆಗೆ ನಾಲ್ಕಾರು ಗೆರೆಗಳ ಒಂದು ಆಕೃತಿ. ಅಲ್ಲಿ ಮನುಷ್ಯರಿಲ್ಲ, ಪ್ರಾಣಿಗಳಿಲ್ಲ. ಚಿತ್ರ ಬರೆಯುವುದು ಸರಿಯೇ ತಪ್ಪೇ ಎಂಬ ಚರ್ಚೆ ನಮ್ಮ ಮನೆಗಳಲ್ಲಿ ಆಗಾಗ ಏಳುತ್ತದೆ. ಅದನ್ನು ತೀರ್ಮಾನಿಸುವ ವಿದ್ವತ್ತು ನನ್ನದಲ್ಲ. ಗೆರೆ, ಲೆಕ್ಕಾಚಾರ ಮತ್ತು ಸುಂದರವಾದ ಅಕ್ಷರ, ಇಷ್ಟರಲ್ಲೇ ಒಂದು ಜೀವಮಾನಕ್ಕೆ ಸಾಲುವಷ್ಟು ಕಲೆ ಇದೆ ಎಂಬುದನ್ನು ಮಾತ್ರ ಈ ಕೃತಿ ಮುಂದಿಟ್ಟುಕೊಂಡು ಹೇಳಬಲ್ಲೆ.

2004ರ ಇನ್ನೊಂದು ಕೃತಿ ‘ಮನೆಯಿಂದ ಬಂದ ಪತ್ರಗಳು’. ಪಾಕಿಸ್ತಾನದಲ್ಲಿದ್ದ ಅಕ್ಕ ರಾಣಿ ಇವರಿಗೆ ಉರ್ದುವಿನಲ್ಲಿ ಪತ್ರ ಬರೆಯುತ್ತಿದ್ದರು. ಕೆಲವನ್ನು ಬರೆದರೂ ಅಂಚೆಗೆ ಹಾಕಿರಲಿಲ್ಲ. ತಂದೆ ತಾಯಿಯ ಸಾವು, ಮನೆ ಮಾರಿದ್ದು, ಇಂಥ ಸಂಗತಿಗಳನ್ನು ದೂರದಲ್ಲಿರುವ ತಂಗಿಗೆ ತಿಳಿಸಲು ಮನಸ್ಸು ಒಪ್ಪಿರಲಿಕ್ಕಿಲ್ಲ. ಎಷ್ಟೋ ಕಾಲದ ನಂತರ ಆ ಪತ್ರಗಳು ಜರೀನಾ ಕೈ ಸೇರಿದವು. ಅವರು ಅಕ್ಕನ ಕೈಬರಹವನ್ನು ಹಾಗೆಯೇ ಅಚ್ಚು ಮಾಡಿ, ಅದರ ಮೇಲೆ ಮನೆಯ ನಕ್ಷೆಗಳನ್ನೂ ಊರುಗಳ ನಕ್ಷೆಗಳನ್ನೂ ಕಪ್ಪು ಗೆರೆಗಳಲ್ಲಿ ಮುದ್ರಿಸಿದರು. ಎಂಟು ಹಾಳೆಗಳು, ಕೋಜೊ ಕಾಗದದ ಮೇಲೆ. ಅಕ್ಕರೆ ಅಕ್ಕನದು, ಭಾಷೆ ತಾಯಿಯದು, ಲೋಹದ ಕೆಲಸ ಪ್ಯಾರಿಸ್ಸಿನದು, ಮರ ಮತ್ತು ಕಾಗದದ ಶಿಸ್ತು ಟೋಕಿಯೋದ್ದು.

ನನಗೆ ತೋರುವಂತೆ ಹೊರದೇಶದ ವಾಸ ಕಲಾವಿದನಿಗೆ ವಸ್ತುವನ್ನು ಕೊಡುವುದಿಲ್ಲ. ಅದು ಕೈಗೆ ಒಂದು ಕಸುಬು ಕೊಡುತ್ತದೆ, ಮನೆಯನ್ನು ನೋಡಲು ಬೇಕಾದ ದೂರವನ್ನು ಕೊಡುತ್ತದೆ. ಪರದೇಶಕ್ಕೆ ಹೋಗಿ ಅಲ್ಲಿಯವರಂತೆ ಬರೆದು ಬಂದವರ ಚಿತ್ರಗಳನ್ನೂ ನೋಡಿದ್ದೇನೆ. ಅಲ್ಲಿಯವರಿಗೆ ಇಷ್ಟವಾಗಲೆಂದು ನಮ್ಮ ದೇಶದ ಆನೆ, ಹಾವಾಡಿಗ, ಬುರ್ಖಾಗಳನ್ನು ಪ್ರದರ್ಶನಕ್ಕಿಟ್ಟು ಬಂದವರೂ ಇದ್ದಾರೆ. ಎರಡೂ ಬಹಳ ದಿನ ನಿಲ್ಲುವುದಿಲ್ಲ.

ತೈಯಬ್ ಮೆಹ್ತಾ ಅವರನ್ನು ನೋಡಿ. ಗುಜರಾತಿನ ಕಪಡ್‌ವಂಜ್‌ನಲ್ಲಿ 1925ರಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆಳೆದ ದಾವೂದಿ ಬೊಹ್ರಾ ಕುಟುಂಬದವರು. 1947ರ ಗಲಭೆಯಲ್ಲಿ ಮಹಮ್ಮದ್ ಅಲಿ ರಸ್ತೆಯಲ್ಲಿ ಕಿಟಕಿಯಿಂದ ಒಬ್ಬ ಮನುಷ್ಯನನ್ನು ಜನ ಹೊಡೆದು ಕೊಂದದ್ದನ್ನು ಕಂಡವರು. 1968ರಲ್ಲಿ ರಾಕ್‌ಫೆಲರ್ ಮನೆತನದ ಜೆ.ಡಿ.ಆರ್. ಥರ್ಡ್ ಫಂಡ್‌ನ ಫೆಲೋಶಿಪ್ಪಿನಲ್ಲಿ ನ್ಯೂಯಾರ್ಕಿಗೆ ಹೋದರು. ಗಾಯ್ತೊಂಡೆ, ಅಕ್ಬರ್ ಪದಮ್ಸಿ, ಕೆ.ಜಿ. ಸುಬ್ರಮಣ್ಯನ್ ಕೂಡ ಅರವತ್ತರ ದಶಕದಲ್ಲಿ ಅದೇ ನಿಧಿಯಿಂದ ಹೋದವರು. ಅಲ್ಲಿ ಬಾರ್ನೆಟ್ ನ್ಯೂಮನ್ ಎಂಬ ಚಿತ್ರಕಾರನ ಗೋಡೆಯಗಲದ ಕ್ಯಾನ್ವಾಸುಗಳನ್ನು ನೋಡಿದರು. ಒಂದೇ ಬಣ್ಣದ ಬಯಲು, ನಡುವೆ ಒಂದು ಗೆರೆ. ಊರಿಗೆ ಬಂದ ಮೇಲೆ, 1969ರಲ್ಲಿ, ತೈಯಬರ ಚಿತ್ರದಲ್ಲಿ ಕ್ಯಾನ್ವಾಸನ್ನು ಓರೆಯಾಗಿ ಸೀಳುವ ಗೆರೆ ಬಂತು. ನ್ಯೂಮನ್‌ನ ಗೆರೆಯ ಎರಡು ಕಡೆ ಬರೀ ಬಣ್ಣ. ತೈಯಬರ ಗೆರೆಯ ಎರಡು ಕಡೆ ತುಂಡಾದ ಒಂದೇ ಮೈ. ಕಾಲು ಕಟ್ಟಿದ ಎತ್ತು, ರಿಕ್ಷಾ ಎಳೆಯುವವನು, ಕೆಳಕ್ಕೆ ಬೀಳುತ್ತಿರುವ ಮನುಷ್ಯ. ಅವೆಲ್ಲ ಈ ನೆಲದವು.

ನಮ್ಮ ನಾಡಿನವರ ಮಾತೂ ಬರಬೇಕಲ್ಲ. ಉಡುಪಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು 1949-50ರಲ್ಲಿ ಪ್ಯಾರಿಸ್ಸಿನ ಅಕಾಡೆಮಿ ಜೂಲಿಯನ್‌ನಲ್ಲಿ ಕಲಿತರು. ಆಮೇಲೂ ಅವರ ರೇಖೆಯಲ್ಲಿ ಕುಣಿದದ್ದು ಕರಾವಳಿಯೇ. ಈಚೆಗೆ 2025ರಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕತೆಗಳಿಗೆ, ದೀಪಾ ಭಾಸ್ತಿಯವರ ಅನುವಾದದೊಂದಿಗೆ, ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಆ ಕತೆಗಳಲ್ಲಿರುವುದು ಯಾರ ಅಡುಗೆಮನೆ, ಯಾರ ಅಂಗಳ ಎಂದು ಇಲ್ಲಿ ಕುಳಿತ ಅಕ್ಕ ತಂಗಿಯರಿಗೆ ನಾನು ಹೇಳಬೇಕಾಗಿಲ್ಲ.

ಹೊರಗಿನವರ ಕಣ್ಣಿನ ಬಗ್ಗೆಯೂ ಒಂದು ಮಾತು. ಹದಿನಾಲ್ಕನೇ ಶತಮಾನದಲ್ಲಿ ಮೊರಾಕ್ಕೊದ ಇಬ್ನ್ ಬತೂತ ನಮ್ಮ ಹೊನ್ನಾವರಕ್ಕೆ ಬಂದಿದ್ದ. ಆ ಊರಿನಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳನ್ನು ಕಂಡೆ, ಅಲ್ಲಿಯ ಹೆಂಗಸರಿಗೆ ಕುರ್‌ಆನ್ ಕಂಠಪಾಠ, ಇಂಥದ್ದನ್ನು ಬೇರೆಲ್ಲೂ ನೋಡಲಿಲ್ಲ ಎಂದು ತನ್ನ ಪ್ರವಾಸ ಕಥನದಲ್ಲಿ ಸೇರಿಸಿದ. ಊರಿನವರಿಗೆ ಅದು ದಿನನಿತ್ಯದ ಸಂಗತಿಯಾಗಿದ್ದಿರಬೇಕು. ಬಂದ ಅತಿಥಿ ಬರೆದಿಟ್ಟದ್ದರಿಂದ ಇಂದು ನಮಗೆ ಗೊತ್ತಾಗುತ್ತಿದೆ. ಆ 13ರ ಲೆಕ್ಕವನ್ನು ಪಾಲಕರು ಸ್ವಲ್ಪ ನೆನಪಿಟ್ಟುಕೊಳ್ಳಿ. ಏಕೆಂದರೆ ಈಗ ಹೇಳಲಿರುವುದು ನಿಮಗೆ.

ನಾನು ಪಾಠ ಹೇಳಿದ ಮೂವತ್ತು ವರ್ಷಗಳಲ್ಲಿ ಕೈಯಲ್ಲಿ ನಿಜವಾದ ಹದವಿದ್ದ ಮಕ್ಕಳು ಹತ್ತಾರು ಮಂದಿ ಸಿಕ್ಕಿದ್ದಾರೆ. ಅವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಒಬ್ಬಳೂ ಕಲಾಶಾಲೆಯ ಮೆಟ್ಟಿಲು ಹತ್ತಲಿಲ್ಲ. ‘ಚಿತ್ರ ಬರೆದರೆ ಹೊಟ್ಟೆ ತುಂಬುತ್ತದೆಯೇ ಮಾಸ್ತರೇ?’ ಎಂದು ತಂದೆಯೊಬ್ಬರು ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಸುಳ್ಳು ಭರವಸೆ ಕೊಡಲಾರೆ. ಜರೀನಾ ಅವರಿಗೂ ಚಿತ್ರದಿಂದ ಬಹುಕಾಲ ಹೊಟ್ಟೆ ತುಂಬಲಿಲ್ಲ. ಕಾಗದ ತಯಾರಿಸುವುದನ್ನು ಹೇಳಿಕೊಟ್ಟು, ವಿಶ್ವವಿದ್ಯಾಲಯಗಳಲ್ಲಿ ಪಾಠ ಮಾಡಿ ಬದುಕಿದರು. 2011ರಲ್ಲಿ ವೆನಿಸ್ಸಿನ ಕಲಾಮೇಳದಲ್ಲಿ ಭಾರತದ ಮಂಟಪಕ್ಕೆ ಆರಿಸಲ್ಪಟ್ಟಾಗ ಅವರಿಗೆ ಎಪ್ಪತ್ತನಾಲ್ಕು. 2020ರ ಏಪ್ರಿಲ್‌ನಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಆದರೆ ಅವರ ತಂದೆ ‘ಗಣಿತ ಓದಿದವಳಿಗೆ ಈ ಮರ ಕೆತ್ತುವ ಕೆಲಸ ಏಕೆ’ ಎಂದು ತಡೆದು ನಿಲ್ಲಿಸಿದ್ದರೆ ಆ 36 ಶಬ್ದಗಳು ನಮಗೆ ಸಿಗುತ್ತಿರಲಿಲ್ಲ. ಆ ಶಬ್ದಗಳು ಯಾರ ಮನೆಯವು? ನಮ್ಮ ಮನೆಗಳ ಟ್ರಂಕಿನಲ್ಲಿ ಅಜ್ಜನ ಕಾಲದ ಉರ್ದು ಪತ್ರಗಳಿವೆ. ಇಂದಿನ ಮಕ್ಕಳಲ್ಲಿ ಎಷ್ಟು ಜನ ಅವನ್ನು ಓದಬಲ್ಲರು, ಕೈಯೆತ್ತಿಸಿದರೆ ತಿಳಿದೀತು. ಓದಲು ಬಾರದ ಪತ್ರ ರದ್ದಿಗೆ ಹೋಗುತ್ತದೆ. ಜರೀನಾ ಕೈಗೆ ಬಿದ್ದ ಪತ್ರಗಳು ಮ್ಯೂಸಿಯಂಗಳನ್ನು ಸೇರಿದವು.

ವಿದ್ಯಾರ್ಥಿಗಳಿಗೆ ಕೆಲವು ವ್ಯವಹಾರದ ಮಾತುಗಳು. ರೆಸಿಡೆನ್ಸಿ ಎಂದರೆ ಕಾಲೇಜು ಸೇರಿದ ಹಾಗಲ್ಲ. ಅರ್ಜಿಯ ಜೊತೆ ನೀವು ಈಗಾಗಲೇ ಮಾಡಿದ ಕೆಲಸದ ಛಾಯಾಚಿತ್ರಗಳು, ಅಲ್ಲಿ ಏನು ಮಾಡಬೇಕೆಂದಿದ್ದೀರಿ ಎಂಬ ಒಂದು ಪುಟದ ಬರಹ, ನಿಮ್ಮನ್ನು ಬಲ್ಲವರ ಶಿಫಾರಸು ಸಾಮಾನ್ಯವಾಗಿ ಕೇಳುತ್ತಾರೆ. ಆ ಒಂದು ಪುಟದಲ್ಲೇ ಬಹಳ ಜನ ಸೋಲುತ್ತಾರೆ. ‘ನಿಮ್ಮ ದೇಶದ ಸಂಸ್ಕೃತಿಯಿಂದ ಸ್ಫೂರ್ತಿ ಪಡೆಯಬೇಕೆಂದಿದ್ದೇನೆ’ ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ‘ನನ್ನ ಅಜ್ಜಿಯ ಮನೆಯ ಜಾಲಿ ಕಿಟಕಿಗಳನ್ನು ಮರದಲ್ಲಿ ಕೆತ್ತುತ್ತಿದ್ದೇನೆ, ನಿಮ್ಮಲ್ಲಿ ನೀರು ಬಣ್ಣದ ಮುದ್ರಣ ಕಲಿಯಬೇಕು’ ಎಂದು ಬರೆದರೆ ಅವರಿಗೆ ನಿಮ್ಮ ಕೈ ಕಾಣುತ್ತದೆ. ಇಂಗ್ಲಿಷ್ ಹೆದರಿಸುತ್ತದೆ, ನಿಜ. ಕನ್ನಡದಲ್ಲೋ ಉರ್ದುವಿನಲ್ಲೋ ಬರೆದು ತನ್ನಿ, ಇಂಗ್ಲಿಷ್ ಮೇಷ್ಟರು ಇದ್ದಾರೆ. ಖರ್ಚನ್ನೆಲ್ಲ ಸಂಸ್ಥೆಯೇ ಕೊಡುತ್ತದೆಯೇ, ಕಲಾವಿದನೇ ಹಣ ಕಟ್ಟಬೇಕೇ ಎಂಬುದನ್ನು ಮೊದಲೇ ಓದಿಕೊಳ್ಳಿ. ಎರಡೂ ಬಗೆಯವು ಇವೆ. ವೀಸಾ ನಿರಾಕರಣೆಯೂ ಆಗುತ್ತದೆ, ಅದರಿಂದ ಎದೆಗುಂದಬೇಡಿ.

ಅದಕ್ಕೂ ಮೊದಲು ವರ್ಷಗಟ್ಟಲೆ ಕೈ ಪಳಗಬೇಕು. ಅದಕ್ಕೆ ವಿಮಾನ ಹತ್ತಬೇಕಿಲ್ಲ. ಬೆಂಗಳೂರಿನ ಚಿತ್ರಕಲಾ ಪರಿಷತ್ತು ಇದೆ, ಮೈಸೂರಿನಲ್ಲಿ ಕಾವಾ ಇದೆ. ಹೊರದೇಶದ ಕಲಾವಿದರು ನಮ್ಮಲ್ಲಿಗೂ ಬಂದಿದ್ದಾರೆ. ಬೆಂಗಳೂರಿನ ಶಾಂತಿನಗರದಲ್ಲಿ ಸುರೇಶ್ ಜಯರಾಮ್ ಅವರು 2003ರಲ್ಲಿ ಆರಂಭಿಸಿದ ‘1, ಶಾಂತಿ ರಸ್ತೆ’ಯಲ್ಲಿ ಅಂಥ ಎಷ್ಟೋ ಅತಿಥಿಗಳು ಇದ್ದು ಕೆಲಸ ಮಾಡಿದ್ದಾರೆ. ಬೆಂಗಳೂರಿಗೆ ಹೋದಾಗ ಮಾಲ್ ನೋಡುವ ಬದಲು ಇಂಥ ಕಡೆ ಒಂದು ಪ್ರದರ್ಶನ ನೋಡಿ ಬನ್ನಿ.

ಊಟದ ಹೊತ್ತಾಯಿತೆಂದು ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ನಾನು ಬರುವಾಗ ಲಿನೋಲಿಯಂ ತುಂಡುಗಳು, ನಾಲ್ಕು ಕೆತ್ತುವ ಉಳಿಗಳು, ಒಂದು ರೋಲರ್, ಕಪ್ಪು ಶಾಯಿಯ ಡಬ್ಬಿ ತಂದಿದ್ದೇನೆ. ಊಟವಾದ ಮೇಲೆ ಲೈಬ್ರರಿ ಹಾಲಿನಲ್ಲಿ ಕೂರೋಣ. ಆಸಕ್ತಿಯಿರುವವರು ತಮ್ಮ ಮನೆಯ ನಕ್ಷೆಯನ್ನು, ಬಾಗಿಲೆಲ್ಲಿ, ಬಾವಿಯೆಲ್ಲಿ, ಅಮ್ಮ ಕೂರುವ ಜಾಗ ಯಾವುದು ಎಂದು ನೆನಪಿನಿಂದ ಒಂದು ಚೀಟಿಯ ಮೇಲೆ ಬರೆದುಕೊಂಡು ಬನ್ನಿ. ಅದನ್ನೇ ಕೆತ್ತೋಣ. ಹಳೆಯ ಬಟ್ಟೆ ಹಾಕಿಕೊಂಡು ಬಂದರೆ ಒಳ್ಳೆಯದು, ಆ ಶಾಯಿ ತೊಳೆದರೆ ಹೋಗುವುದಿಲ್ಲ.